ಗಿಳಿಯ ಪಾಲಿನ ಕಾಳು

ವಿಸ್ಮಿತಾ ಹಾಸಿಗೆಯ ಮೇಲೆ ಹರಡಿಟ್ಟ ಚಿತ್ರಗಳನ್ನೆಲ್ಲ ತುಕ್ರಪ್ಪ ಎಡಗೈಯಿಂದ ಒಂದೇ ಸಲಕ್ಕೆ ಬದಿಗೆ ಸರಿಸಿಬಿಟ್ಟ. ಸೌಟು ಹಿಡಿದ ಅನ್ನಪೂರ್ಣೆ ಗೋಡೆಯ ಸಂದಿಗೆ ಬಿದ್ದಳು. ಏಸು, ಹಸಿರು ಗುಮ್ಮಟ, ಹಾಯಿಹಡಗು, ಹೆಡೆಯೆತ್ತಿದ ಹಾವು ಒಂದರ ಮೇಲೊಂದು ಜಾರಿಕೊಂಡವು.

"ಮಾತು ಹೋದವರು ಚಿತ್ರ ತೋರಿಸಿದರೆ ಬೆರಳಿಟ್ಟು ಹೇಳ್ತಾರೆ ಅಂತ ಆಸ್ಪತ್ರೆಯ ಮೇಡಂ ಹೇಳಿದ್ದು," ಎಂದಳು ವಿಸ್ಮಿತಾ ತಾಯಿಗೆ. "ನಮ್ಮಲ್ಲಿರುವ ಚಿತ್ರ ಇದು ಮಾತ್ರ ಅಲ್ವಾ. ಅಪ್ಪನಿಗೆ ಇದೂ ಬೇಡವಂತೆ."

ಅವು ಗಿಳಿಶಾಸ್ತ್ರದ ಚೀಟಿಗಳು. ತುಕ್ರಪ್ಪನಿಗೆ ವಿದ್ಯೆ ಕಲಿಸಿದ ತಮಿಳು ಮುದುಕ ಊರು ಬಿಡುವಾಗ ಕೊಟ್ಟು ಹೋದದ್ದು. ಬಣ್ಣ ಮಾಸಿ, ಅಂಚು ಮೆತ್ತಗಾಗಿ, ಹಿಡಿದರೆ ಹಳೆಯ ಬಟ್ಟೆಯ ಹಾಗೆ ಬಾಗುತ್ತಿದ್ದವು. ಒಂದೊಂದಕ್ಕೂ ದಪ್ಪ ಕಾಗದದ ಲಕೋಟೆ. ಲಕೋಟೆಗಳ ಮೇಲಂಚಿನಲ್ಲಿ ಕೊಕ್ಕಿನ ಸಣ್ಣ ಸಣ್ಣ ಗಾಯ. ತುಕ್ರಪ್ಪ ಗಿಳಿಯೊಂದಿಗೆ ಕೂರುತ್ತಿದ್ದದ್ದು ಸಂತೆಯ ದಿನ ಬೆಳ್ತಂಗಡಿ, ಉಳಿದ ದಿನ ಮೂಡುಬಿದಿರೆಯ ಬಸ್‌ಸ್ಟ್ಯಾಂಡ್. ಗಿರಾಕಿಗಳ ಜೊತೆ ಅವನದು ಪುಸ್ತಕದ ಕನ್ನಡ, ಪಂಚಮಿ ಎಂಬ ಆ ಹೆಣ್ಣುಗಿಳಿಯ ಜೊತೆ ತುಳು. "ಬಲ ಮಗಾ, ಬಲ," ಎಂದು ಕರೆದರೆ ಅದು ಗೂಡಿನಿಂದ ಬಾಗಿಲು ದಾಟಿ ನಡೆದು ಬರುತ್ತಿತ್ತು. ಗಿಳಿ ಸಾಕಿದರೆ ಜೈಲು ಎಂದು ಯಾರೋ ಹೆದರಿಸಿದ ಮೇಲೆ ಅದನ್ನು ತೋಡಾರಿನ ತನ್ನ ಮನೆಯ ಅಂಗಳದಲ್ಲಿ ಹಾರಲು ಬಿಟ್ಟ. ಚೀಟಿಯ ಪೆಟ್ಟಿಗೆ ಅಟ್ಟಕ್ಕೆ ಹೋಯಿತು, ಅವನು ಒಂದು ಕಲ್ಯಾಣ ಮಂಟಪದ ಕಾವಲಿಗೆ ಹೋದ.

ಪಕ್ಷವಾತ ಬಡಿದದ್ದು ಅಲ್ಲಿಯೇ. ಬಲಗೈ, ಬಲಗಾಲು, ಮಾತು ಒಟ್ಟಿಗೆ ಹೋದವು. ಈಗ ಮೂಗಿನ ನಳಿಕೆಯಲ್ಲಿ ಗಂಜಿತಿಳಿ. ಆ ನಳಿಕೆಯನ್ನು ತುಂಬ ದಿನ ಹಾಗೆಯೇ ಬಿಡುವಂತಿಲ್ಲ ಎಂದಿದ್ದರು ಡಾಕ್ಟರು. ಹೊಟ್ಟೆಗೆ ತೂತು ಮಾಡಿ ಅಲ್ಲಿಂದ ಕೊಡಬಹುದು. ಹಾಗಾದರೆ ಹೀಗೇ ಮಲಗಿ ತುಂಬ ಕಾಲ ಇರಬಹುದು. ಅದು ಬೇಡವೆಂದಾದರೆ ನಳಿಕೆ ತೆಗೆದು ಬಾಯಿಯಿಂದಲೇ ಕೊಡುವುದು. ಆದರೆ ಬಾಯಿಗೆ ಕೊಟ್ಟದ್ದು ಶ್ವಾಸಕೋಶಕ್ಕೆ ಇಳಿದರೆ ಹೆಚ್ಚು ದಿನ ಉಳಿಯಲಿಕ್ಕಿಲ್ಲ. ಮನೆಯವರು ಯೋಚಿಸಿ ನಾಳೆ ತಿಳಿಸಬೇಕು. ಅವರನ್ನೇ ಕೇಳಿ ಹೇಳ್ತೇನೆ ಎಂದಿದ್ದಳು ಅವನ ಹೆಂಡತಿ ಲೋಲಾಕ್ಷಿ. ಡಾಕ್ಟರು ಅವಳ ಮುಖವನ್ನೇ ನೋಡಿದ್ದರು.

ತುಕ್ರಪ್ಪ ಈಗ ಚೀಟಿಗಳನ್ನು ಎಡಗೈಯಲ್ಲಿ ಬಳಿದು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಲಕೋಟೆಯಿಲ್ಲದ ಬರಿಯ ಚಿತ್ರಗಳನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದ. ಅವನಿಗೆ ಏನು ಬೇಕೆಂದು ಲೋಲಾಕ್ಷಿಗೆ ಹೊಳೆಯಿತು. ಅವಳು ಒಂದೊಂದನ್ನೂ ಲಕೋಟೆಗೆ ಸೇರಿಸಿ, ಜೋಡಿಸಿ, ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಅವನ ಎಡಗೈಯ ಬದಿಗಿಟ್ಟಳು.

"ಪಂಡಿತರೇ," ಎಂದಳು, ಹಿಂದೆ ತಮಾಷೆಗೆ ಕರೆಯುತ್ತಿದ್ದ ಹಾಗೆಯೇ. "ನಾನು ಕೇಳ್ತೇನೆ, ನೀವು ಹೇಳಬೇಕು. ಹೊಟ್ಟೆಗೆ ನಳಿಕೆ ಹಾಕಿಸುವುದಾ, ಬೇಡವಾ?"

ತುಕ್ರಪ್ಪ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಲಕೋಟೆಯನ್ನು ಎತ್ತಿದ. ಅವಳ ಮುಖ ನೋಡಿದ. ಬದಿಗೆ ಹಾಕಿದ. ಇನ್ನೊಂದನ್ನು ಎತ್ತಿದ. ನೋಡಿದ. ಬದಿಗೆ ಹಾಕಿದ.

"ಆಟ ಆಡ್ತಿದ್ದಾರೆ ಅಮ್ಮ," ಎಂದಳು ವಿಸ್ಮಿತಾ. "ಗಿಳಿಯ ಹಾಗೆ. ಬುದ್ಧಿಯೂ ಹೋಯಿತು." ನಳಿಕೆಗೆ ಹಾಕಲು ತಂದಿದ್ದ ಗಂಜಿಯ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು ಅವಳು ಬಾಗಿಲಿನ ಕಡೆ ತಿರುಗಿ ನಿಂತಳು.

ಮಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಲೋಲಾಕ್ಷಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿ ಅವನು ಹೇಳಿದ್ದ. ಹಕ್ಕಿ ಸುಮ್ಮನೆ ಒಂದೊಂದೇ ಎಳೆದು ಬದಿಗೆ ಹಾಕುತ್ತ ಹೋಗುತ್ತದೆ. ಪೆಟ್ಟಿಗೆಯ ಅಂಚಿಗೆ ಇವನ ಉಂಗುರ ಮೆಲ್ಲಗೆ ತಾಗಿದಾಗ ನಿಲ್ಲಿಸುತ್ತದೆ. ಕೊಕ್ಕಿನಲ್ಲಿದ್ದ ಲಕೋಟೆ ಗಿರಾಕಿಯ ಪಾಲಿಗೆ, ಒಂದು ಕಾಳು ಭತ್ತ ಹಕ್ಕಿಯ ಪಾಲಿಗೆ. "ಎಳೆಯುವುದು ಅದು, ನಿಲ್ಲಿಸುವುದು ನಾನು," ಎಂದಿದ್ದ. "ಮುಖ ನೋಡಿದರೆ ಗೊತ್ತಾಗ್ತದೆ ಮಾರಾಯ್ತಿ, ಎಲ್ಲಿ ನಿಲ್ಲಿಸಿದರೆ ಆ ಮನುಷ್ಯ ರಾತ್ರಿ ನಿದ್ದೆ ಮಾಡ್ತಾನೆ ಅಂತ."

ಇನ್ನೊಂದು ಲಕೋಟೆ ಬದಿಗೆ ಬಿತ್ತು. ಅವನ ಕಣ್ಣು ಅವಳ ಮುಖವನ್ನು ಬಿಡಲಿಲ್ಲ. ಲೋಲಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳಿಗ್ಗೆ ಅವನ ಬೆನ್ನಿನ ಹುಣ್ಣು ತೊಳೆಯುವಾಗ, ಇಷ್ಟು ಸಾಕಲ್ಲವಾ ದೇವರೇ ಎಂದು ಒಂದು ಸಲ ಅನಿಸಿತ್ತು. ಮತ್ತೆ ಅವನ ತಲೆ ಬಾಚುವಾಗ, ಹೀಗಾದರೂ ಇರಲಿ, ಕಣ್ಣೆದುರು ಇರಲಿ ಎಂದೂ ಅನಿಸಿತ್ತು. ಎರಡೂ ಮುಖದ ಮೇಲೆ ಕಾಣುತ್ತಿರಬಹುದು. ಪೆಟ್ಟಿಗೆ ಬರಿದಾಗುತ್ತ ಬಂತು. ಕೊನೆಕೊನೆಯ ಲಕೋಟೆಗಳನ್ನು ಅವನು ಬೇಗ ಬದಿಗೆ ಹಾಕಲಿಲ್ಲ. ಎತ್ತಿ ಹಿಡಿದು ಕಾಯುತ್ತಿದ್ದ.

ಲೋಲಾಕ್ಷಿ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದಳು. ಉಂಗುರದ ಬೆರಳನ್ನು ಪೆಟ್ಟಿಗೆಯ ಅಂಚಿಗೆ ಒಯ್ದು ಮೆಲ್ಲಗೆ ತಾಗಿಸಿದಳು.

ತುಕ್ರಪ್ಪನ ಕೈ ನಿಂತಿತು. ಹಿಡಿದಿದ್ದ ಲಕೋಟೆಯನ್ನು ಅವಳ ಮಡಿಲ ಮೇಲಿಟ್ಟ. ಆಮೇಲೆ, ಅವಳನ್ನು ನೋಡುತ್ತಲೇ, ಬಾಯಿ ತೆರೆದ.

ಅವನು ಕೇಳುತ್ತಿರುವುದು ಹಕ್ಕಿಯ ಪಾಲು ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೂಗಿನ ನಳಿಕೆ ಕೆನ್ನೆಯ ಪ್ಲಾಸ್ಟರಿನ ಕೆಳಗೆ ಅಲುಗುತ್ತಿತ್ತು. ಒಣಗಿದ ನಾಲಗೆ ಕಾಣುತ್ತಿತ್ತು. ಅವನು ಬಾಯಿ ಮುಚ್ಚಲಿಲ್ಲ.

ಲೋಲಾಕ್ಷಿ ಬಟ್ಟಲಿನಿಂದ ಚಮಚದ ತುದಿಯಲ್ಲಿ ಗಂಜಿತಿಳಿ ತೆಗೆದಳು. ಸೋಸುವಾಗ ತಪ್ಪಿಸಿಕೊಂಡ ಕುಚ್ಚಲಕ್ಕಿಯ ಒಂದು ಅಗುಳು ಅದರಲ್ಲಿ ಇತ್ತು.

"ಅಮ್ಮಾ, ಬಾಯಿಗೆ ಕೊಡಬಾರದು ಅಂತ..." ಎಂದು ವಿಸ್ಮಿತಾ ಮುಂದೆ ಬಂದವಳು ತಾಯಿಯ ಮುಖ ನೋಡಿ ನಿಂತುಬಿಟ್ಟಳು.

ಅಗುಳನ್ನು ಅವನ ನಾಲಗೆಯ ಮೇಲಿಟ್ಟಳು. ತುಟಿಗಳು ಮುಚ್ಚಿಕೊಂಡವು. ಬಿಚ್ಚದ ಲಕೋಟೆ ಮಡಿಲಿನಿಂದ ನೆಲಕ್ಕೆ ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಅವಳು ಅವನ ಗಂಟಲಿನ ಗಂಟನ್ನೇ ನೋಡುತ್ತಿದ್ದಳು. ನುಂಗಲೆಂದು ಅದು ನಿಧಾನವಾಗಿ ಮೇಲೆ ಹೋಯಿತು.