ಆಸರೆಯ ಕೈ

ಸೂಜಿಗೆ ಅನುಮಾನ ಹುಟ್ಟಿದ್ದು ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಾಗ. ಕಚ್ಚಿದ ತುಂಡು ಗಂಟಲಿಗಿಳಿಯದೆ ಬಾಯಲ್ಲೇ ಉಳಿಯಿತು.

ಯುವ ಸಂಯೋಜಕರ ಹೊಸ ನೃತ್ಯಗಳ ಪ್ರದರ್ಶನ ಹತ್ತಿರ ಬಂದಿತ್ತು. ಆಯ್ಕೆಯಾದ ಕೆಲವರಲ್ಲಿ ಅವಳೂ ಒಬ್ಬಳು. ಮೈ ತೆಳ್ಳಗೆ, ಮಾತು ಮೊನಚು, ಹಾಗಾಗಿ ತಂಡದವರು ಸೂಜಿ ಎಂದು ಕರೆಯುತ್ತಿದ್ದರು. ಆ ಹೆಸರು ಅವಳಿಗೂ ಒಳಗೊಳಗೇ ಇಷ್ಟ. ಆಗ ವೇದಿಕೆಯ ಮೇಲೆ ತಾಲೀಮು ನಡೆಸುತ್ತಿದ್ದವನು ಇನ್ನೊಬ್ಬ ಸಂಯೋಜಕ. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಬೇಕಾದ ಅವನಿಗೆ ಉದ್ದಣ್ಣ ಎಂದೇ ಹೆಸರು. ಅವನದು ಬ್ಯಾಲೆ. ಹುಡುಗಿಯರು ತುದಿಗಾಲಿನಲ್ಲಿ ಬಂದು ಸಾಲಾಗಿ ನಿಂತರು, ಒಟ್ಟಿಗೇ ಬಲಗೈ ಎತ್ತಿದರು.

ಎತ್ತಿದ ಬಗೆಯೇ ಬೇರೆ. ಮೊದಲು ಭುಜ ಕಿವಿಯ ಹತ್ತಿರಕ್ಕೆ ಏರಿತು. ತಲೆ ಆಚೆಗೆ ವಾಲಿತು. ಎಡಗೈ ಬಂದು ಬಲ ಮೊಣಕೈಗೆ ಆಸರೆ ಕೊಟ್ಟಿತು. ಆ ಆಸರೆಯಲ್ಲೇ ಕೈ ಮೇಲಕ್ಕೆ ಹೋಗಿ, ಪೂರ್ತಿ ಚಾಚುವ ಮೊದಲೇ ನಿಂತುಬಿಟ್ಟಿತು.

ಅದು ಸೂಜಿಯದು. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ತಾನಾಗಿ ಅವಳ ಮೈಗೆ ಬಂದದ್ದು. ಅದೊಂದನ್ನೇ ಹಿಡಿದು ಅವಳು ಇಡೀ ಕೃತಿ ಕಟ್ಟಿದ್ದಳು; ಹೆಸರೂ ಅದೇ, 'ಆಸರೆ'. ಇಬ್ಬರು ಹೆಂಗಸರು, ಖಾಲಿ ವೇದಿಕೆ. ಇಬ್ಬರೂ ತಂತಮ್ಮ ಕೈಗೆ ತಾವೇ ಆಸರೆ ಕೊಟ್ಟುಕೊಳ್ಳುತ್ತಾ ಹೋಗಿ, ಕೊನೆಗೆ ಒಬ್ಬಳ ಮೊಣಕೈ ಕೆಳಗೆ ಇನ್ನೊಬ್ಬಳು ಅಂಗೈ ಇಡುತ್ತಾಳೆ. ಅಲ್ಲಿಗೆ ಬೆಳಕು ಆರುತ್ತದೆ. ಈ ಕೃತಿಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ, ಮನೆಯಲ್ಲಿ ಅಮ್ಮನಿಗೂ ಇಲ್ಲ. ಗೊತ್ತಿದ್ದದ್ದು ಜೊತೆಗೆ ಕುಣಿಯುವ ಗುಬ್ಬಿಗೆ ಮಾತ್ರ.

ಗುಬ್ಬಿ ಅವಳ ಪ್ರಾಣದ ಗೆಳತಿ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಉರುಳಾಡಿ ಬೆಳೆದವರು ಇಬ್ಬರೂ. ಅವಳು ಹೀಗೆ ಮಾಡುವುದುಂಟೇ? ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಇವಳು ಬಿಡುವವಳೇ? ತಲೆಗೆ ಹುಳ ಬಿಟ್ಟುಕೊಂಡೇ ಮನೆಗೆ ಹೋದಳು.

"ಯಾರ ಮೇಲೆ ಪುಟ್ಟಿ ಈ ಮುಖ?" ಅಮ್ಮ ಕೇಳಿದಳು. ಅಮ್ಮ ಒಂದು ಕಾಲಕ್ಕೆ ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಮಕ್ಕಳಿಗೆ ಡ್ಯಾನ್ಸ್ ಕ್ಲಾಸ್ ನಡೆಸುತ್ತಿದ್ದವಳು.

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಆ ಮೇಲಿನ ಸಕ್ಕರೆ ಡಬ್ಬಿ ಇಳಿಸಿಕೊಡು."

ಸೂಜಿ ಡಬ್ಬಿ ಇಳಿಸಿ ಟಪ್ಪೆಂದು ಕುಕ್ಕಿದಳು. ಮೇಲಿನ ಡಬ್ಬಿ ಇಳಿಸುವ ಕೆಲಸ ಆ ಮನೆಯಲ್ಲಿ ಎಂದಿನಿಂದಲೂ ಅವಳದೇ.

ಮಾರನೆಯ ದಿನದಿಂದ ಅವಳ ಕಣ್ಣು ಪೊಲೀಸರ ಕಣ್ಣಾಯಿತು. ಗುಬ್ಬಿ ತಡವಾಗಿ ಬಂದರೆ ಎಲ್ಲಿಂದ ಬಂದಳು? ಫೋನ್ ಬೋರಲು ಹಾಕಿದಳೇಕೆ? ಹುಡುಕುವವರಿಗೆ ಸಿಗದಿರುತ್ತದೆಯೇ, ಸಿಕ್ಕಿತು. ರಂಗಮಂದಿರದ ಹಿಂದಿನ ಟೀ ಅಂಗಡಿಯಲ್ಲಿ ಗುಬ್ಬಿ ಮತ್ತು ಉದ್ದಣ್ಣ ಎದುರುಬದುರು ಕೂತು, ತಲೆಗೆ ತಲೆ ತಾಗುವ ಹಾಗೆ ಏನೋ ಗುಸುಗುಸು ಮಾತಾಡುತ್ತಿದ್ದರು. ಸೂಜಿಯನ್ನು ಕಂಡದ್ದೇ ಗುಬ್ಬಿ ಮಾತು ನಿಲ್ಲಿಸಿ, "ಬಾರೇ, ಟೀ ಕುಡಿ," ಎಂದಳು.

"ಬೇಡ. ನನಗೆ ಕೆಲಸ ಇದೆ," ಎಂದಳು ಸೂಜಿ.

ತಾಲೀಮಿನಲ್ಲಂತೂ ಉರಿಯುವ ಬೆಂಕಿಗೆ ತುಪ್ಪ. ಗುಬ್ಬಿ ಮಾರ್ಕ್ ಮಾಡತೊಡಗಿದ್ದಳು. ಕುಣಿಯುವವರೆಲ್ಲ ಒಮ್ಮೊಮ್ಮೆ ಮಾಡುವುದೇ ಅದು: ದಣಿವಾದಾಗ ಪೂರ್ತಿ ಕುಣಿಯದೆ, ಇಲ್ಲಿ ಹಾರುತ್ತೇನೆ, ಇಲ್ಲಿ ಬೀಳುತ್ತೇನೆ ಎಂದು ಬರೀ ಕೈಯಲ್ಲಿ ತೋರಿಸಿ ಮುಂದಕ್ಕೆ ಹೋಗುವುದು. ಆದರೆ ದಿನಾ ಮಾರ್ಕ್ ಮಾಡಿದರೆ? ಹಾರಬೇಕಾದ ಕಡೆಯಲ್ಲೆಲ್ಲ ಗುಬ್ಬಿ ಬೆರಳು ಹಾರಿಸಿ ಸುಮ್ಮನಾಗುತ್ತಿದ್ದಳು.

"ಇವತ್ತಾದ್ರೂ ಪೂರ್ತಿ ಮಾಡ್ತೀಯಾ?"

"ಸ್ಟೇಜ್ ಮೇಲೆ ಮಾಡ್ತೀನಿ ಬಿಡೇ. ಯಾವತ್ತಾದ್ರೂ ಕೈಕೊಟ್ಟಿದೀನಾ?"

ಕೊಟ್ಟಿದ್ದೀಯಲ್ಲ ಎಂದುಕೊಂಡಳು ಸೂಜಿ. ಪ್ರದರ್ಶನದ ಹಿಂದಿನ ದಿನ ಅದು ಬಾಯಿಗೂ ಬಂದೇಬಿಟ್ಟಿತು.

"ಉದ್ದಣ್ಣನಿಗೆ ಹೇಳಿಕೊಟ್ಟೋಳು ನೀನೇ ತಾನೆ?"

"ಏನನ್ನ?"

"ನಾಟಕ ಬೇಡ. ಆಸರೆ ಕೈನ."

ಗುಬ್ಬಿ ತಮಾಷೆ ಎಂದುಕೊಂಡು ನಕ್ಕಳು. ಎದುರಿನ ಮುಖದಲ್ಲಿ ನಗು ಕಾಣದೆ ನಿಧಾನಕ್ಕೆ ತಾನೂ ನಿಲ್ಲಿಸಿದಳು. "ನಿಜವಾಗ್ಲೂ ಹಾಗಂದ್ಕೊಂಡಿದೀಯಾ?"

"ಅಂದ್ಕೊಳ್ಳೋದೇನು, ಕಣ್ಣಾರೆ ಕಂಡೆ. ನನ್ನ ಹತ್ರ ಮಾರ್ಕ್ ಮಾಡಿ, ಜೀವ ಎಲ್ಲಾ ಅಲ್ಲಿಗೆ ಎತ್ತಿಡ್ತಿದೀಯ. ಹೋಗು, ಅಲ್ಲೇ ಕುಣಿ."

ಗುಬ್ಬಿ ಚೀಲ ಹೆಗಲಿಗೇರಿಸಿ ಹೊರಟಳು. ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು, ಒಂದೊಂದಾಗಿ ಇಳಿದಳು. ಅದೂ ನಾಟಕವೇ ಎಂದು ತೀರ್ಮಾನಿಸಿದಳು ಸೂಜಿ.

ಪ್ರದರ್ಶನದ ದಿನ ಮಧ್ಯಾಹ್ನ ವೇಷಭೂಷಣದ ಕೊನೆಯ ತಾಲೀಮು. ಮನೆಯವರಿಗೂ ಬರಲು ಅವಕಾಶವಿತ್ತು. ಅಮ್ಮ ಬಂದಳು. ಗುಬ್ಬಿ ಬಂದಿರಲಿಲ್ಲ, 'ಆಸರೆ' ನಡೆಯುವಂತಿರಲಿಲ್ಲ; ಇಬ್ಬರದ್ದನ್ನು ಒಬ್ಬಳೇ ಹೇಗೆ ಕುಣಿದಾಳು? ಸೂಜಿ ಅಮ್ಮನ ಪಕ್ಕ ಕೂತಿದ್ದಳು. ಉದ್ದಣ್ಣನ ಹುಡುಗಿಯರು ಸಾಲಾಗಿ ನಿಂತು ಕೈ ಎತ್ತಿದರು.

ಅಮ್ಮ ಮುಂದಕ್ಕೆ ಬಗ್ಗಿದಳು. "ಇದೇನೇ ಇದು? ನನ್ನ ಭುಜ ತಗೊಂಡು ಹೋಗಿ ಇಷ್ಟು ಜನಕ್ಕೆ ಹಂಚಿದಾನಲ್ಲ."

"ನಿನ್ನದಲ್ಲಮ್ಮ, ನನ್ನದು," ಎಂದು ಸೂಜಿ ಕೂತಲ್ಲೇ ಕೈ ಎತ್ತಿ ತೋರಿಸಿದಳು. ಭುಜ, ತಲೆ, ಎಡಗೈ, ಎಲ್ಲವೂ ಅದೇ.

ಅಮ್ಮ ನಕ್ಕಳು, ಮರುಕ್ಷಣವೇ ಮುಖ ಸಣ್ಣದಾಯಿತು. "ಕ್ಲಾಸ್ ನಡೆಸ್ತಿದ್ದಾಗ ನನ್ನ ಬಲಗೈ ಮೇಲಕ್ಕೆ ಏಳ್ತಾನೇ ಇರ್ಲಿಲ್ಲ. ಎಡಗೈ ಕೊಟ್ಟು ಎತ್ತಿಸ್ತಿದ್ದೆ. ಮಕ್ಕಳು ಅದನ್ನೂ ಸ್ಟೆಪ್ ಅಂದ್ಕೊಂಡು ಹಾಗೇ ಮಾಡೋವು. ಬಿಡಿಸೋಷ್ಟರಲ್ಲಿ ಸಾಕುಸಾಕಾಗೋದು. ನೀನು ಇಷ್ಟೇ ಇಷ್ಟು ಮಗು, ಮೂಲೇಲಿ ನಿಂತು ಕುಣೀತಿದ್ದೆ. ನಿನಗೂ ಬಿಡಿಸಿದ್ದೆ ಅಂದ್ಕೊಂಡಿದ್ದೆ."

"ನೋವಿದೆ ಅಂತ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ಮಕ್ಕಳನ್ನ ಕಳಿಸ್ತಿದ್ರು?"

ತಾಲೀಮು ಮುಗಿಸಿ ಉದ್ದಣ್ಣ ನೇರ ಅವರಿದ್ದಲ್ಲಿಗೇ ಬಂದ. ಅಮ್ಮನ ಮುಂದೆ ಅಷ್ಟುದ್ದದ ಮೈ ಮುದುಡಿಕೊಂಡು ನಿಂತ. "ಟೀಚರ್, ಗುರುತು ಸಿಕ್ತಾ? ಸೈಕಲ್ ಅಂಗಡಿ ಮೇಲೆ, ಹಿಂದಿನ ಸಾಲು."

ಅಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅಳುಮುಂಜಿ ಅಲ್ವೇನೋ ನೀನು? ಇದನ್ನ ಎಲ್ಲಿ ಕಲಿತೆ?"

"ನೀವೇ ಹೇಳಿಕೊಟ್ಟಿದ್ದಲ್ವಾ ಟೀಚರ್? ಎಲ್ಲಾ ಮರೆತ್ರೂ ಅದೊಂದು ಮರೀಲಿಲ್ಲ." ಆಮೇಲೆ ಸೂಜಿಯ ಕಡೆ ತಿರುಗಿದ. "ಗುಬ್ಬಿ ಎಲ್ಲಿ? ಮಂಡಿ ಹೇಗಿದೆ ಈಗ?"

"ಮಂಡಿನಾ?"

"ಹೇಳಿಲ್ವಾ ಇನ್ನೂ? ಒಳ್ಳೇ ಡಾಕ್ಟರ್ ಯಾರಿದಾರೆ ಅಂತ ಕೇಳೋಕೆ ಬಂದಿದ್ಲು. ನಿನಗೆ ಗೊತ್ತಾದ್ರೆ ತನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತೀಯ ಅಂತ ಹೆದರಿಕೊಂಡಿದ್ಲು ಪಾಪ."

ಅಮ್ಮನ ನೋವನ್ನು ವರ್ಷಗಟ್ಟಲೆ ಮೈಯಲ್ಲಿ ಹೊತ್ತು ಅದನ್ನೇ ಕೃತಿ ಮಾಡಿದವಳು, ಕಣ್ಣೆದುರಿಗೇ ಕುಂಟಿದ ಗೆಳತಿಯನ್ನು ಕಳ್ಳಿ ಎಂದಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಗುಬ್ಬಿಯ ಕೋಣೆ ಎರಡು ಬೀದಿಯಾಚೆ. ಅವಳು ಮಂಚದ ಮೇಲೆ ಕಾಲು ಚಾಚಿ, ಊದಿದ ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದಳು. ಸೂಜಿ ಅತ್ತಳು, ತಪ್ಪಾಯಿತು ಎಂದಳು, ಅಮ್ಮನ ಭುಜದ ಕತೆಯನ್ನೆಲ್ಲ ಹೇಳಿದಳು. ಗುಬ್ಬಿ ಪೂರ್ತಿ ಕೇಳಿಸಿಕೊಂಡಳು.

"ಹಾರೋದು ತೆಗೆದುಬಿಡು. ನಿಂತು ಮಾಡೋದೆಲ್ಲ ಮಾಡ್ತೀನಿ," ಎಂದಳು.

"ಬರ್ತೀಯಾ ಹಾಗಾದ್ರೆ? ಕೋಪ ಹೋಯ್ತಾ?"

"ಕೈಕೊಡೋಳಲ್ಲ ಅಂದಿದ್ನಲ್ಲ. ನಡಿ, ಹೊತ್ತಾಯ್ತು."

ಆ ಸಂಜೆ ಗುಬ್ಬಿ ಕುಣಿದದ್ದನ್ನು ನೋಡಬೇಕಿತ್ತು. ಒಮ್ಮೆಯೂ ಹಾರದೆ, ನಿಂತ ಜಾಗದಿಂದಲೇ ಸಭೆಯನ್ನು ಹಿಡಿದಿಟ್ಟಳು. ಸೂಜಿಗೆ ಹೋದ ಜೀವ ಬಂದಂತಾಯಿತು. ಎಲ್ಲ ಸರಿಹೋಯಿತು, ನಮ್ಮ ಗುಬ್ಬಿ ನಮ್ಮವಳೇ ಎಂದುಕೊಂಡಳು. ಕೊನೆಯ ಗಳಿಗೆ ಬಂತು. ಸೂಜಿಯ ಭುಜ ಏರಿತು, ತಲೆ ವಾಲಿತು, ಬಲಗೈ ಮೇಲೆದ್ದು ಆಸರೆಗೆ ಕಾಯಿತು. ಗುಬ್ಬಿಯ ಅಂಗೈ ಮೊಣಕೈಯ ಕೆಳಗೆ ಬಂತು, ಬೆರಳಗಲದ ದೂರದಲ್ಲಿ ನಿಂತಿತು.

ಸೂಜಿ ಕಾದಳು. ಅಂಗೈ ಅಲ್ಲಿಂದ ಮೇಲೇರಲಿಲ್ಲ. ಸಭಿಕರಿಗೆ ಕಾಣುವಂಥದ್ದಲ್ಲ ಅದು. ಅವರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗುಬ್ಬಿ ಮಾರ್ಕ್ ಮಾಡಿದ್ದಳು. ಕೈಯನ್ನು ಸೂಜಿ ಬೆಳಕು ಆರುವ ತನಕ ತಾನೇ ಎತ್ತಿ ಹಿಡಿದುಕೊಂಡಿದ್ದಳು.