ಯಾರಿಗೆ ಅಂತ ಹೇಳ್ಲೇಬೇಕು

"ಎರಡಕ್ಕೂ ಕನ್ನಡದಲ್ಲಿ 'ಹೇಳೋದು' ಅಂತಾನೇ ಅಲ್ವಾ ಮೇಡಂ? ಒಂದೇ ಬೀಗಕ್ಕೆ ಎರಡು ಬೀಗದಕೈ ಯಾಕೆ, ಒಂದು ಕಳೆದ್ಹೋದ್ರೆ ಇನ್ನೊಂದಿರಲಿ ಅಂತಾನಾ?" ಬೀಗ ರಿಪೇರಿಯವನ ಪ್ರಶ್ನೆಗೆ ಇಂಗ್ಲಿಷ್ ಕ್ಲಾಸೆಲ್ಲ ನಕ್ಕಿತು.

ಟೀಚರೂ ನಕ್ಕು, ಬೋರ್ಡಿನ ಮೇಲಿದ್ದ 'ಸೇ', 'ಟೆಲ್' ಎರಡರ ಕೆಳಗೂ ಗೆರೆ ಎಳೆದರು. "ಸೇ ಅಂದ್ರೆ ಬಾಯಿಂದ ಮಾತು ಬಂದ್ರೆ ಸಾಕು. ಗೋಡೆ ಮುಂದೆ ನಿಂತು ಅಂದ್ರೂ ನಡೆಯುತ್ತೆ. ಟೆಲ್ ಹಾಗಲ್ಲ, ಯಾರಿಗೆ ಅಂತ ಹೇಳ್ಲೇಬೇಕು. ಎಲ್ಲಿ, ಒಂದೊಂದು ವಾಕ್ಯ ಮಾಡಿ ನೋಡೋಣ."

ಒಬ್ಬ ತನ್ನ ವಾಕ್ಯದಲ್ಲಿ ಹೆಂಡತಿಗೆ ಸುಳ್ಳು ಹೇಳಿದ. ಇನ್ನೊಬ್ಬಳು ಮಗಳಿಗೆ ಕಥೆ ಹೇಳಿದಳು. ಆಮೇಲೆ ಹೊಲಿಗೆಯಾಕೆಯ ಸರದಿ ಬಂತು.

ಕೌಂಟರಿಗೆ ಬರುವ ಗಿರಾಕಿಗಳ ಜೊತೆ ನಾಲ್ಕು ಮಾತಾಡಲಿ ಎಂದು ಅವಳು ಹೊಲಿಯುವ ಅಂಗಡಿಯ ಮಾಲೀಕರೇ ಅವಳನ್ನು ಈ ಭಾನುವಾರದ ಕ್ಲಾಸಿಗೆ ಸೇರಿಸಿದ್ದರು. ಗಂಡ ತೀರಿಕೊಂಡ ಮೇಲೆ ಅವಳ ಕೋಣೆಯಲ್ಲಿ ಮಾತಾಡುವುದು ರೇಡಿಯೊ ಮಾತ್ರ. ಎದೆಯಲ್ಲಿರುವ ಗಂಟನ್ನು ತೆಗೆಯಬೇಕು, ಜೊತೆಗೆ ಮನೆಯವರು ಯಾರಾದರೂ ಬರಲಿ ಎಂದು ಮೊನ್ನೆ ಡಾಕ್ಟರು ಹೇಳಿದಾಗ ತಲೆಯಾಡಿಸಿ ಬಂದಿದ್ದಳು. ಅಂದು ಸಂಜೆ ತಂಗಿಗೆ ಫೋನ್ ಮಾಡಿ, "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ ಕಣೇ" ಎಂದು ಇಟ್ಟುಬಿಟ್ಟಿದ್ದಳು.

"ಐ ಟೆಲ್..." ಎಂದು ಶುರು ಮಾಡಿದಳು. ಮುಂದಕ್ಕೆ ಬರಲಿಲ್ಲ.

"ಯಾರಿಗೆ?" ಟೀಚರ್ ಮೆಲ್ಲಗೆ ಕೇಳಿದರು.

ಅವಳು 'ಟೆಲ್' ಕೆಳಗಿನ ಗೆರೆ ನೋಡಿದಳು. ಹಾಗೇ ಕುಳಿತುಬಿಟ್ಟಳು.

ಕ್ಲಾಸು ಬಿಟ್ಟು ಮೆಟ್ಟಿಲಿಳಿಯುವಾಗ ಬೀಗದವನು ಹಿಂದೆಯೇ ಬಂದ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಈ ಇಂಗ್ಲಿಷು ನಂಗೂ ತಲೆಗೆ ಹತ್ತಲ್ಲ."

"ಇಂಗ್ಲಿಷಿಗಲ್ಲಪ್ಪ."

"ಮತ್ತೆ?"

ಅವಳು ಕಂಬಿ ಹಿಡಿದು ನಿಂತಳು. ಇವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. "ಬುಧವಾರ ನಂಗೆ ಆಪರೇಷನ್ನು," ಎಂದಳು. ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅವನ ಮುಖದ ನಗು ಇಳಿಯಿತು. "ಕ್ಲಾಸಲ್ಲಿ ತಂಗಿ ಇದಾರೆ ಅಂತಿದ್ರಲ್ಲ? ಅವರು ಬರಲ್ವಾ?"

"ಏಳು ತಿಂಗಳ ಬಸುರಿ. ಹೆದರ್ಕೋತಾಳೆ."

"ನೀವು ಹೆದ್ರಲ್ವಾ?"

ಅವನು ಹೆಗಲ ಮೇಲಿನ ಚೀಲ ಇಳಿಸಿ ಮೆಟ್ಟಿಲ ಮೇಲೆ ಕುಳಿತು, ಅವಳಿಗೂ ಜಾಗ ಬಿಟ್ಟ. ಕಂಬಿ ಬಿಟ್ಟು ಅವಳೂ ಕುಳಿತಳು. ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎಳೆಯುತ್ತಿದ್ದರು. ಆ ಸದ್ದು ನಿಂತ ಮೇಲೆ ಹೇಳೋಣವೆಂದು ಅವಳು, ಕೇಳೋಣವೆಂದು ಅವನು, ಇಬ್ಬರೂ ಕಾದರು.