ಒಂಬತ್ತು ಅಂಕದ ಹನ್ನೆರಡು ಕಾರ್ಡು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಒಂದೇ ಒಂದು ವರ್ಷ ದೊಡ್ಡ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದರು. ಎರಡನೆಯವರ ಕೆಲಸವೆಂದರೆ ಬೆಂಚಿನ ಮೇಲೆ ಕೂತು, ಮೊದಲನೆಯವನ ಕಾಲು ಯಾವಾಗ ಉಳುಕುತ್ತದೋ ಎಂದು ಕಾಯುವುದು. ಆ ವರ್ಷ ಅದು ಉಳುಕಿದ್ದು ಮೂರೇ ಸಲ. ಆದರೆ ಅದೇ ವರ್ಷ ಆಟಗಾರರ ಚಿತ್ರದ ಕಾರ್ಡುಗಳನ್ನು ಅಚ್ಚು ಹಾಕಿಸಿದ್ದರಿಂದ ಭಾವನದ್ದೂ ಒಂದು ಬಂತು. ಹಸಿರು ಜೆರ್ಸಿ, ದಪ್ಪ ಮೀಸೆ, ಮುಂದೆ ಚಾಚಿದ ಎರಡೂ ಕೈ. ಆಮೇಲೆ ಅವರು ನೀರು ಸರಬರಾಜು ಇಲಾಖೆ ಸೇರಿ ಮೂವತ್ತೊಂದು ವರ್ಷ ಮನೆಮನೆಯ ಮೀಟರ್ ಓದಿದರು. ಬಾಗಿಲು ಹಾಕಿದ್ದರೆ ಅಂದಾಜಿನ ಮೇಲೆ ಬರೆದುಕೊಂಡು ಹೋಗುವ ರೂಢಿ ಉಳಿದವರಿಗೆಲ್ಲ ಇತ್ತು. ಭಾವ ಮಾತ್ರ ಸಂಜೆ ಇನ್ನೊಮ್ಮೆ ಹೋಗುತ್ತಿದ್ದರು. ಊಟ ಆರುತ್ತದೆಂದು ಅಕ್ಕ ಬೈಯುತ್ತಿದ್ದಳು.

ನನ್ನದು ಇಂಥ ಕಾರ್ಡುಗಳ ಅಂಗಡಿ. ಈ ವ್ಯಾಪಾರ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹಳೆಯ ಕಾರ್ಡನ್ನು ಕಂಪನಿಯೊಂದಕ್ಕೆ ಕಳಿಸಿದರೆ ಅವರು ಮೂಲೆ, ಅಂಚು, ಹೊಳಪು ಎಲ್ಲ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದನ್ನೂ ಅಂಕದ ಚೀಟಿಯನ್ನೂ ಸೇರಿಸಿ ಸೀಲು ಮಾಡಿ ವಾಪಸು ಕಳಿಸುತ್ತಾರೆ. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದೇವೆ ಎಂಬ ಎಣಿಕೆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಇಂಥದ್ದು ಲೋಕದಲ್ಲಿ ಇಷ್ಟು ಉಳಿದಿದೆ ಎಂದು ಜನ ಆ ಪಟ್ಟಿ ನೋಡಿ ನಂಬುತ್ತಾರೆ. ಅಂಕ ಸಾಲದು ಅನ್ನಿಸಿದವರು ಡಬ್ಬಿ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸಬಹುದು. ಆಗ ಹಳೇ ಚೀಟಿಯನ್ನೂ ಜೊತೆಗೆ ಕಳಿಸಬೇಕು, ಪಟ್ಟಿಯಿಂದ ಒಂದನ್ನು ಅವರು ಕಳೆಯುತ್ತಾರೆ. ಕಳಿಸದಿದ್ದರೆ ಒಂದೇ ಕಾರ್ಡು ಎರಡಾಗಿ ಕೂರುತ್ತದೆ. ನಮ್ಮ ಪೈಕಿ ಅದನ್ನು ಕಳಿಸುವವರು ಕಡಿಮೆ. ಹಳೇ ಅಂಕ ಕಣ್ಣಿಗೆ ಬಿದ್ದರೆ ಪರೀಕ್ಷಿಸುವವನು ಅದನ್ನೇ ಮತ್ತೆ ಬರೆದು ಕೈತೊಳೆದುಕೊಳ್ಳುತ್ತಾನೆ ಎಂಬ ಭಯ.

ಎರಡು ವರ್ಷದ ಹಿಂದೆ ಭಾವ ತಮ್ಮ ಕಾರ್ಡನ್ನು ನನ್ನ ಕೈಗಿಟ್ಟು, "ಒಂದು ಡಬ್ಬಿಗೆ ಹಾಕಿಸಿ ಕೊಡಪ್ಪ, ಭದ್ರವಾಗಿರುತ್ತೆ" ಅಂದರು. ಕಳಿಸಿದೆ, ಒಂಬತ್ತು ಬಂತು. ಆ ವರ್ಷದ ಕಾರ್ಡುಗಳ ಪೂರ್ತಿ ಕಟ್ಟನ್ನು ಹತ್ತು ಅಂಕದಲ್ಲೇ ಕೂಡಿಸುತ್ತಿದ್ದ ಗಿರಾಕಿಯೊಬ್ಬ ನನಗೆ ಗೊತ್ತಿದ್ದ. ಅವನಿಗೆ ಸಿಕ್ಕದೆ ಉಳಿದಿದ್ದು ಭಾವ ಒಬ್ಬರೇ. ಒಂಬತ್ತನ್ನು ಅವನು ಮೂಸಿಯೂ ನೋಡುವುದಿಲ್ಲ, ಹತ್ತಾದರೆ ಕೇಳಿದ್ದು ಕೊಡುತ್ತಾನೆ. ನನ್ನ ಬಾಯಲ್ಲಿ ನೀರೂರಿತು. ಡಬ್ಬಿ ಒಡೆದು ಮತ್ತೆ ಕಳಿಸಿದೆ. ಮತ್ತೆ ಒಂಬತ್ತು. ಎಡಗಡೆಯ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಬಿಳುಪಿತ್ತು, ಅದು ಪ್ರತಿಸಲವೂ ಅವರ ಕಣ್ಣಿಗೆ ಬೀಳುತ್ತಿತ್ತು. ಹೀಗೆ ಹನ್ನೆರಡು ಸಲ. ಅಕ್ಕ ಕೇಳಿದಾಗಲೆಲ್ಲ "ಅಲ್ಲಿ ದೊಡ್ಡ ಕ್ಯೂ ಅಕ್ಕ" ಎನ್ನುತ್ತಿದ್ದೆ. ಹತ್ತು ಬಂದಿದ್ದರೆ ಏನು ಹೇಳುತ್ತಿದ್ದೆ? "ಅಂಚೆಯಲ್ಲಿ ಕಳೆದುಹೋಯ್ತು ಭಾವ." ಈ ಮಾತನ್ನು ಬಚ್ಚಲಲ್ಲಿ ನಿಂತು ಒಂದೆರಡು ಸಲ ಹೇಳಿಯೂ ನೋಡಿದ್ದೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಹನ್ನೆರಡನೆಯದೂ ಒಂಬತ್ತೇ ಆದಾಗ ಕೈಚೆಲ್ಲಿ, ಡಬ್ಬಿಯನ್ನು ಭಾವನಿಗೆ ತಲುಪಿಸಿದೆ. ಹಳೆಯ ಹನ್ನೊಂದು ಚೀಟಿ ಅಂಗಡಿಯ ಡ್ರಾದಲ್ಲೇ ಉಳಿದವು.

ಎಣಿಕೆ ಪಟ್ಟಿಯನ್ನು ಫೋನಿನಲ್ಲಿ ನೋಡುವುದನ್ನು ಅವರಿಗೆ ಯಾರು ಕಲಿಸಿದರೋ. ಒಂದು ದಿನ ಬೆಳಿಗ್ಗೆ ಏಳಕ್ಕೆಲ್ಲ ಫೋನು. "ಲೋ, ನನ್ನ ಕಾರ್ಡು ಲೋಕದಲ್ಲಿ ಹನ್ನೆರಡು ಇದೆಯಂತೆ! ಎಲ್ಲಾ ಒಂಬತ್ತೇ! ಇನ್ನೂ ಹನ್ನೊಂದು ಜನ ನನ್ನನ್ನ ಇಷ್ಟು ಚೆನ್ನಾಗಿ ಇಟ್ಕೊಂಡಿದಾರಲ್ಲೋ!" ನಾನು ಹೌದು ಭಾವ ಎಂದೆ. ಆಗಲೇ ಹೇಳಬಹುದಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಪಟ್ಟಿ ನೋಡುವುದು ಅವರ ರೂಢಿಯಾಯಿತು. ಎದುರು ಮನೆಯವರು, ಹಾಲಿನವನು, ಹಲ್ಲಿನ ಡಾಕ್ಟರು, ಯಾರನ್ನೂ ಬಿಡದೆ ಹೇಳಿದರು. ಅಕ್ಕ ಮಾತ್ರ "ಮನೇಲಿ ಹದಿಮೂರನೇದು ಒಂದಿದೆ, ಅದಕ್ಕೆ ಎಷ್ಟು ಅಂಕ ಅಂತ ನನ್ನನ್ನ ಕೇಳಿ" ಎಂದು ನಗುತ್ತಿದ್ದಳು.

ಹೋದ ತಿಂಗಳು ಭಾನುವಾರ ಅವರ ಮನೆಗೆ ಹೋದಾಗ ಮೇಜಿನ ಮೇಲೆ ಡಬ್ಬಿ, ಒಂದು ದಪ್ಪ ಪೆನ್ನು, ಒಂದು ಕಟ್ಟು ಲಕೋಟೆ ಇದ್ದವು. ಭಾವನ ಹಳೆಯ ಕ್ಯಾಪ್ಟನ್ ಆಸ್ಪತ್ರೆಯಲ್ಲಿದ್ದರು, ಎದ್ದು ಬರುವ ಲಕ್ಷಣ ಇರಲಿಲ್ಲ.

"ಇದನ್ನ ಒಡೆದು ಕೊಡೋ," ಅಂದರು ಭಾವ. "ಅವನಿಗೆ ಎರಡಕ್ಷರ ಬರೆದು ಕೈಗೆ ಕೊಟ್ಟು ಬರ್ತೀನಿ. ಡಬ್ಬಿ ಸಮೇತ ಕೊಟ್ರೆ ಔಷಧಿ ಅಂದ್ಕೊಂಡಾನು."

"ಇದು ನಿಮ್ಮ ಹತ್ರ ಇರೋದು ಒಂದೇ ಅಲ್ವಾ ಭಾವ?"

"ನನ್ನ ಹತ್ರ ಒಂದೇ. ಲೋಕದಲ್ಲಿ ಇನ್ನೂ ಹನ್ನೊಂದು ಭದ್ರವಾಗಿದೆಯಲ್ಲ! ಇಲ್ದಿದ್ರೆ ನಾನು ಕೊಡ್ತಿದ್ನಾ?"

ಆದರೂ ಭಾವ ಕೊಟ್ಟ ಇಕ್ಕಳವನ್ನು ಕೈ ಹಿಡಿಯಿತು. ಮೂಲೆಯಲ್ಲಿ ಒಂದು ಒತ್ತು, ಪಕ್ಕದಲ್ಲಿ ಒಂದು ತಿರುವು, ಡಬ್ಬಿ ಬಾಯಿಬಿಟ್ಟಿತು. ಕಾರ್ಡಿಗೆ ಒಂದು ಗೀರೂ ಇಲ್ಲ.

"ಎಷ್ಟು ಸಲೀಸಾಗಿ ತೆಗೆದ್ಯಲ್ಲೋ! ಕೈ ಚೆನ್ನಾಗಿ ಪಳಗಿದೆ," ಎಂದು ಭಾವ ಮೆಚ್ಚಿಕೊಂಡರು.

ಅವರು ಪೆನ್ನಿನ ಮುಚ್ಚಳ ತೆಗೆದರು. ಶಾಯಿ ತಾಗಿದರೆ ಅದು ಒಂಬತ್ತೂ ಅಲ್ಲ, ಎಂಟೂ ಅಲ್ಲ. ಆ ಅಂಕದ್ದು ಲೋಕದಲ್ಲಿ ಇನ್ನೊಂದಿಲ್ಲ. ಇದನ್ನು ತಿಳಿದವನು ಆ ಕೋಣೆಯಲ್ಲಿ ನಾನೊಬ್ಬನೇ. "ಒಂದ್ನಿಮಿಷ ಭಾವ," ಎಂದೆ. ಅವರು ತಲೆಯೆತ್ತಿದರು. ಜೇಬಿನಿಂದ ನನ್ನ ಪೆನ್ನು ತೆಗೆದು, "ಅದರ ಶಾಯಿ ಹರಡುತ್ತೆ, ಇದರಲ್ಲಿ ಬರೀರಿ," ಎಂದು ಕೊಟ್ಟೆ. ಇಂಥ ಹೇಡಿ ನಾನು.

ಅವರು ಹಸಿರು ಜೆರ್ಸಿಯ ಮೇಲೆ ನಿಧಾನವಾಗಿ ಬರೆದರು. "ಕ್ಯಾಪ್ಟನ್‌ಗೆ, ಬೆಂಚಿನಿಂದ." ಊದಿ ಒಣಗಿಸಿ ಪಕ್ಕಕ್ಕಿಟ್ಟು, ಲಕೋಟೆಗಳ ಕಟ್ಟನ್ನು ನನ್ನ ಕಡೆ ಸರಿಸಿದರು.

"ಹನ್ನೊಂದಿದೆ ಎಣಿಸ್ಕೊ. ನಿನಗೆ ಈ ಲೈನಿನಲ್ಲಿ ಎಲ್ಲರೂ ಗೊತ್ತು. ಆ ಹನ್ನೊಂದು ಜನರ ವಿಳಾಸ ಹುಡುಕಿ ಕೊಡು. ಕಾಗದ ಬರೆದಾಗಿದೆ. ನನ್ನನ್ನ ಯಾಕೆ ಇಟ್ಕೊಂಡ್ರಿ ಅಂತ ಕೇಳಿದೀನಿ, ಅಷ್ಟೇ."

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎಲ್ಲ ಹೇಳಿದೆ. ಒಡೆದದ್ದು, ಕಳಿಸಿದ್ದು, ಚೀಟಿಗಳನ್ನು ಬಚ್ಚಿಟ್ಟದ್ದು, ಗಿರಾಕಿ, ಕೊನೆಗೆ ಬಚ್ಚಲಲ್ಲಿ ಕಲಿತ ಸುಳ್ಳನ್ನೂ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಭಾವ ಲಕೋಟೆಗಳ ಕಡೆ ನೋಡಿದರು. "ಅಂದ್ರೆ... ಆ ಹನ್ನೊಂದು ಜನಾನೂ ನೀನೇನಾ?"

"ಹೂಂ ಭಾವ."

"ಹೊರಗಿನವರು ಒಬ್ಬರೂ ಇಲ್ವಾ?"

"ಇಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿ ಕೂತಿದ್ದೆ. ಬೈದಿದ್ದರೆ ಉಸಿರು ಬರುತ್ತಿತ್ತು. ಅವರು ಲಕೋಟೆಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. "ಕ್ಯಾಪ್ಟನ್‌ಗೆ ನಿನ್ನೆ ಫೋನಲ್ಲಿ ಹನ್ನೆರಡು ಅಂದುಬಿಟ್ಟೆನಲ್ಲೋ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಕಾರ್ಡು ಹಿಡಿದು ಹೊರಟರು. ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಹಳೇ ಚೀಟಿಗಳನ್ನು ಮಾರನೇ ದಿನವೇ ಕಂಪನಿಗೆ ಕಳಿಸುತ್ತೇನೆ ಎಂದುಕೊಂಡಿದ್ದೆ. ಕಳಿಸಲಿಲ್ಲ. ಹನ್ನೊಂದನ್ನೂ ಒಟ್ಟಿಗೆ ನೋಡಿದರೆ ಅವರು ನನ್ನ ಬಗ್ಗೆ ಏನೆಂದುಕೊಂಡಾರು ಎಂಬ ಚಿಂತೆ. ಅಷ್ಟೆಲ್ಲ ಆದಮೇಲೂ ನನಗೆ ನನ್ನದೇ ಮಾನದ ಚಿಂತೆ.

ವಾರ ಕಳೆದ ಮೇಲೆ ಅಕ್ಕ ಅಂಗಡಿಗೆ ಬಂದಳು. ಕೌಂಟರಿನ ಮುಂದೆ ಇಬ್ಬರು ಗಿರಾಕಿಗಳಿದ್ದರು. ಅವಳು ಒಂದು ಲಕೋಟೆ ಇಟ್ಟಳು. ಒಳಗೆ ಹನ್ನೆರಡನೇ ಚೀಟಿ, ಅಂದು ಮೇಜಿನ ಮೇಲೆ ನಾನು ಬಿಟ್ಟುಬಂದದ್ದು.

"ಇದನ್ನೂ ಸೇರಿಸಿ ಕಳಿಸ್ಬೇಕಂತೆ. ಅದು ಈಗ ಡಬ್ಬಿಯಲ್ಲಿಲ್ಲ, ಪಟ್ಟಿಯಲ್ಲೂ ಇರಬಾರದು ಅಂದ್ರು."

"ಕ್ಯಾಪ್ಟನ್‌ಗೆ ಏನು ಹೇಳಿದ್ರು ಅಕ್ಕ?"

"ಹೋದ ತಕ್ಷಣ ಹನ್ನೆರಡಲ್ಲ, ಇದೊಂದೇ ಅಂದ್ರಂತೆ."

"ನನ್ನ ವಿಷಯ?"

ಅಕ್ಕ ಗಿರಾಕಿಗಳ ಕಡೆ ನೋಡಿ ದನಿ ತಗ್ಗಿಸಿದಳು. "ನಿನ್ನ ಮಾತೇ ಎತ್ತಲಿಲ್ಲ. ವಯಸ್ಸಾಯ್ತು, ನಾನೇ ತಪ್ಪು ನೋಡ್ದೆ ಅಂತ ಹೇಳಿ ಬಂದಿದಾರೆ."

ಅವಳು ಹೋದ ಮೇಲೆ ಗಿರಾಕಿಯೊಬ್ಬ ಏನೋ ಬೆಲೆ ಕೇಳಿದ. ನಾನು ಡ್ರಾ ಎಳೆದು ಉಳಿದ ಹನ್ನೊಂದನ್ನು ಹೊರತೆಗೆದೆ. ಹನ್ನೆರಡೂ ಚೀಟಿ ಅಂದೇ ಅಂಚೆಗೆ ಹೋದವು. ಮೂರು ವಾರಕ್ಕೆ ಪಟ್ಟಿಯಲ್ಲಿ ಭಾವನ ಸಾಲಿನಲ್ಲಿ ಸೊನ್ನೆ ಬಂತು. ಎಣಿಕೆ ಈಗ ಸರಿಯಾಗಿದೆ, ಅದನ್ನು ದಿನಾ ಬೆಳಿಗ್ಗೆ ನೋಡುವವನು ನಾನೊಬ್ಬನೇ.